ಹಳೇ ಲ್ಯಾಪ್‌ಟಾಪ್, ಬಾಡಿಗೆ ಪ್ಯಾನೆಲ್, ವಿಪಿಎಸ್: ನಮ್ಮ ಮೈನ್‌ಕ್ರಾಫ್ಟ್ ಸರ್ವರ್ ಮೂರು ಮನೆ ಬದಲಿಸಿತು

"ಮಾವ, ಸರ್ವರ್ ಬಿದ್ದೋಗಿದೆ."

ತಂಗಿಯ ಮಗನಿಂದ ಈ ಫೋನ್ ಬರುವುದು ಯಾವಾಗಲೂ ಸಂಜೆ ಏಳರ ಮೇಲೆ. ಹೋಂವರ್ಕ್ ಮುಗಿದಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ. ಅವನು, ಅವನ ಕ್ಲಾಸಿನ ಹುಡುಗರು, ಬೆಂಗಳೂರಿನಲ್ಲಿರುವ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಒಟ್ಟು ಹದಿನಾಲ್ಕು ಜನ. ಒಂದೇ ಸಲಕ್ಕೆ ಏಳೆಂಟು ಮಂದಿ ಆಡುತ್ತಾರೆ. ಇವರೆಲ್ಲ ಒಟ್ಟಿಗೆ ಮೈನ್‌ಕ್ರಾಫ್ಟ್ ಆಡಲು ಬೇಕಾದ ಸರ್ವರ್ ಅನ್ನು ನಾನು ಶಿವಮೊಗ್ಗದಲ್ಲಿ ಕೂತು ನೋಡಿಕೊಳ್ಳುತ್ತೇನೆ. ಎರಡು ವರ್ಷದಲ್ಲಿ ಒಂದೇ ವರ್ಲ್ಡ್ ಅನ್ನು, ಅಂದರೆ ಅವರು ಕಟ್ಟಿದ ಆಟದ ಪ್ರಪಂಚವನ್ನು, ಮೂರು ಕಡೆ ಇಟ್ಟು ನೋಡಿದ್ದಾಯಿತು.

ಅದಕ್ಕೂ ಮುಂಚೆ ನಾಲ್ಕು ದಿನ ಒಂದು ಉಚಿತ ಸೈಟ್ ನೋಡಿದ್ದೆವು. ಶುರುವಾಗಲು ಕ್ಯೂ ನಿಲ್ಲಬೇಕು, ಯಾರೂ ಇಲ್ಲದಿದ್ದರೆ ತಾನೇ ನಿಂತುಹೋಗುತ್ತದೆ. ಇಬ್ಬರು ಮೂವರಿಗೆ ಸಾಕು, ಬಿಡಿ.

ಮೊದಲ ಮನೆ ನನ್ನ ಹಳೇ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಸ್ಕ್ರೀನ್ ಮೂಲೆಯಲ್ಲಿ ಬಿರುಕು, ಬ್ಯಾಟರಿ ಸತ್ತು ವರ್ಷವಾಗಿತ್ತು. ಉಬುಂಟು ಲಿನಕ್ಸ್ ಹಾಕಿ, ಮೇಲೆ ಪೇಪರ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿದೆ. ಮೂಲ ಸರ್ವರ್‌ಗಿಂತ ಪೇಪರ್ ಹಗುರ, ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್ ಕೂಡ ಹಾಕಬಹುದು. (ಆಟದ ಸಿಡಿಮದ್ದು ಟಿಎನ್‌ಟಿಯನ್ನು ಪುಕ್ಕಟೆ ನಕಲು ಮಾಡುವ ಟ್ರಿಕ್ ಅದರಲ್ಲಿ ಸುಮ್ನೆ ನಡೆಯುವುದಿಲ್ಲ. ಆ ಸಿಟ್ಟಿಗೆ ಹುಡುಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ.) ಕರೆಂಟ್ ಲೆಕ್ಕ ಹಾಕಿದೆ. 30 ವ್ಯಾಟ್ ಅಂದುಕೊಂಡರೆ ತಿಂಗಳಿಗೆ ಹೆಚ್ಚುಕಡಿಮೆ 22 ಯೂನಿಟ್. ಇದಕ್ಕಿಂತ ಅಗ್ಗ ಯಾವುದಿದೆ?

ಆದರೆ ಹೊರಗಿನವರು ಯಾರೂ ಒಳಗೆ ಬರಲಾಗಲಿಲ್ಲ. ರೂಟರ್‌ನಲ್ಲಿ 25565 ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಆಟಕ್ಕೆ ಬಾಗಿಲು ತೆಗೆದು, ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಆಮೇಲೆ ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ, ನೋಡಿದೆ. 100.72 ಅಂತ ಶುರುವಾಗಿತ್ತು. 100.64ರಿಂದ 100.127ರವರೆಗಿನ ಐಪಿ ಕಂಡರೆ ನೀವು ಸಿಜಿ-ನ್ಯಾಟ್ ಹಿಂದಿದ್ದೀರಿ ಅಂತ ಅರ್ಥ. ಒಂದೇ ಹೊರಗಿನ ಐಪಿಯನ್ನು ಕಂಪನಿ ಬಹಳ ಮನೆಗಳಿಗೆ ಹಂಚಿರುತ್ತದೆ. ನಮ್ಮ ರೂಟರ್‌ನಲ್ಲಿ ಎಷ್ಟು ಬಾಗಿಲು ತೆಗೆದರೂ ಗೇಟಿನ ಬೀಗ ಅವರ ಕೈಯಲ್ಲಿ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಮಗೊಬ್ಬರಿಗೇ ಮೀಸಲಾದ ವಿಳಾಸ) ತಗೋಬೇಕು, ಇಲ್ಲಾ ಬೇರೆಯವರ ಸರ್ವರ್ ಮೂಲಕ ಸುತ್ತಿ ಬರುವ ಟನಲ್ ಬಳಸಬೇಕು. ನಾನು ಟನಲ್ ಹಾಕಿದೆ. ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ಸ್ವಲ್ಪ ಏರಿತು, ಆಟ ನಡೆಯಿತು.

ಐದು ತಿಂಗಳು ಚೆನ್ನಾಗಿಯೇ ಓಡಿತು. ಜುಲೈ ಬಂತು. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಲ್ಯಾಪ್‌ಟಾಪ್ ಇಟ್ಟ ಮೂಲೆಯ ಪ್ಲಗ್ ಆ ಲೈನಿನಲ್ಲಿ ಇಲ್ಲ. ಒಂದು ಸಂಜೆ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕರೆಂಟ್ ಹೋಗಿ ಬಂತು. ನಾಲ್ಕನೇ ಸಲ ಸರ್ವರ್ ಏಳಲೇ ಇಲ್ಲ. ವರ್ಲ್ಡ್‌ನ ಮೂಲ ವಿವರ ಇರುವ level.dat ಫೈಲ್ ಕೆಟ್ಟಿತ್ತು. ಪುಣ್ಯಕ್ಕೆ ಅದರ ಹಳೇ ಪ್ರತಿಯೊಂದನ್ನು ಆಟವೇ ಪಕ್ಕದಲ್ಲಿ ಇಟ್ಟಿರುತ್ತದೆ. ಅದರ ಹೆಸರು ಬದಲಿಸಿ ಎಬ್ಬಿಸಿದೆ. ಒಳಗೆ ಹೋಗಿ ನೋಡಿದರೆ ಹುಡುಗರು ಮೂರು ವಾರ ಕೂತು ಕಟ್ಟಿದ್ದ ಕಲ್ಲಿನ ಸೇತುವೆಯ ಮಧ್ಯೆ ಸರಿಯಾಗಿ 16 ಬ್ಲಾಕ್ ಮಾಯ. ಒಂದು ಚಂಕ್ (ಆಟ ನೆಲವನ್ನು ಭಾಗ ಮಾಡುವ 16 ಬ್ಲಾಕ್‌ನ ಚೌಕ) ಹಾಳಾಗಿ ಮತ್ತೆ ಹೊಸದಾಗಿ ಹುಟ್ಟಿತ್ತು. ಅತ್ತ ಅರ್ಧ ಸೇತುವೆ, ಇತ್ತ ಅರ್ಧ ಸೇತುವೆ, ನಡುವೆ ನದಿ ಏನೂ ಆಗದ ಹಾಗೆ ಹರಿಯುತ್ತಿತ್ತು.

ಬೇಸರದಲ್ಲಿ ಬಾಡಿಗೆ ಪ್ಯಾನೆಲ್‌ಗೆ, ಅಂದರೆ ಕಂಪನಿಯೇ ಸರ್ವರ್ ಓಡಿಸಿ ವೆಬ್ ಪುಟದಲ್ಲಿ ಬಟನ್ ಕೊಡುವ ವ್ಯವಸ್ಥೆಗೆ, ಹೋದೆ. ತಿಂಗಳಿಗೆ 500 ರೂಪಾಯಿ, 4 ಜಿಬಿ. ಸ್ಟಾರ್ಟ್ ಒತ್ತು, ಸ್ಟಾಪ್ ಒತ್ತು, ಪ್ಲಗಿನ್ ಎಳೆದು ಹಾಕು, ಅಷ್ಟೇ. ಟರ್ಮಿನಲ್ ಕಂಡರೆ ಆಗದವರಿಗೆ ಇದು ಸ್ವರ್ಗ. ಒಂದೇ ಒಂದು ಕಡೆ ತಲೆ ಓಡಿಸಬೇಕಾಯಿತು. ಅರ್ಧ ಹುಡುಗರು ಆಡುವುದು ಫೋನಿನಲ್ಲಿ, ಅಂದರೆ ಆಟದ ಬೆಡ್‌ರಾಕ್ ಆವೃತ್ತಿ; ನಮ್ಮ ಸರ್ವರ್ ಕಂಪ್ಯೂಟರಿನ ಜಾವಾ ಆವೃತ್ತಿಯದು. ಅವರನ್ನು ಜಾವಾ ಸರ್ವರ್‌ಗೆ ಸೇರಿಸಲು ಗೀಸರ್ ಪ್ಲಗಿನ್ ಬೇಕು. ಅದಕ್ಕೆ ಮಾಮೂಲಿಗೆ 19132 ಅಂತ ಬೇರೆ ಪೋರ್ಟ್. ಪ್ಯಾನೆಲ್ ಕೊಟ್ಟಿದ್ದು ಒಂದೇ ಪೋರ್ಟ್. ಆದರೆ ಮಾಹಿತಿ ಕಳಿಸಲು ಜಾವಾ ಬಳಸುವುದು ಟಿಸಿಪಿ, ಬೆಡ್‌ರಾಕ್ ಬಳಸುವುದು ಯುಡಿಪಿ, ಎರಡೂ ಬೇರೆ ಬೇರೆ ದಾರಿ. ಒಂದೇ ನಂಬರಿನಲ್ಲಿ ಎರಡೂ ಜಗಳವಾಡದೆ ಇರುತ್ತವೆ. ಗೀಸರ್ ಸೆಟ್ಟಿಂಗ್‌ನಲ್ಲಿ ಅದಕ್ಕೆಂದೇ ಒಂದು ಸಾಲಿದೆ.

ಎರಡನೇ ವಾರದಿಂದ ಸಂಜೆ ಹೊತ್ತು ಜಗ್ಗಾಟ ಶುರುವಾಯಿತು. ಬ್ಲಾಕ್ ಒಡೆದರೆ ಮತ್ತೆ ಬಂದು ಕೂರುತ್ತದೆ, ಹಸು ಹಿಂದಕ್ಕೆ ಜಾರುತ್ತದೆ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ ಹಾಕಬೇಕು (ಒಂದು ಟಿಕ್ ಅಂದರೆ ಆಟದ ಲೆಕ್ಕದ ಒಂದು ಸುತ್ತು), ಒಂದೊಂದಕ್ಕೆ 50 ಮಿಲಿಸೆಕೆಂಡ್. ಅದನ್ನು ಮೀರಿದರೆ ಇಡೀ ಪ್ರಪಂಚವೇ ನಿಧಾನ. ಸರ್ವರ್‌ನ ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಸ್ಪಾರ್ಕ್ ಹಾಕಿ ನೋಡಿದಾಗ ಅರ್ಧ ತಪ್ಪು ನಮ್ಮದೇ ಅಂತ ಗೊತ್ತಾಯಿತು. ಒಬ್ಬ ಹುಡುಗ ವ್ಯಾಪಾರಕ್ಕೆ ಅಂತ ಒಂದೇ ಕಟ್ಟಡದಲ್ಲಿ 63 ವಿಲೇಜರ್‌ಗಳನ್ನು (ಆಟದೊಳಗಿನ ಹಳ್ಳಿಗರನ್ನು) ಕೂಡಿಹಾಕಿದ್ದ. ಎಲ್ಲರೂ ಹಾಸಿಗೆ, ದಾರಿ, ಕೆಲಸ ಹುಡುಕುತ್ತಾ ಸಿಪಿಯು ತಿನ್ನುತ್ತಿದ್ದರು. ಬೇಡಿಕೊಂಡು 20ಕ್ಕೆ ಇಳಿಸಿದೆ. ಆಮೇಲೆ ನಾನೊಬ್ಬನೇ ಲಾಗಿನ್ ಆಗಿ, ಒಂದೇ ಜಾಗದಲ್ಲಿ ನಿಂತು ಅಳೆದೆ. ಬೆಳಗ್ಗೆ ಟಿಕ್‌ಗೆ 22 ಮಿಲಿಸೆಕೆಂಡ್, ಸಂಜೆ 41. ಅದೇ ವರ್ಲ್ಡ್ ಅನ್ನು ಬಿರುಕು ಬಿಟ್ಟ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಎರಡು ಹೊತ್ತೂ 19! ಪ್ಯಾನೆಲ್‌ನವರು ಜಾಹೀರಾತಿನಲ್ಲಿ ರ‍್ಯಾಮ್ ಹೇಳುತ್ತಾರೆ. ನಿಮ್ಮ ಸಿಪಿಯು ಜೊತೆ ಇನ್ನೆಷ್ಟು ಜನ ಕೂತಿದ್ದಾರೆ ಅಂತ ಹೇಳುವುದಿಲ್ಲ. ಆಟದ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಸಾಲಿನಲ್ಲಿ ಒಂದಾದ ಮೇಲೊಂದು ಓಡುತ್ತದೆ, ಹಾಗಾಗಿ ರ‍್ಯಾಮ್‌ಗಿಂತ ಸಿಪಿಯುವೇ ಜಾಸ್ತಿ ಮುಖ್ಯ.

ಜಗ್ಗಾಟವನ್ನಾದರೂ ಸಹಿಸಬಹುದಿತ್ತು. ನಾನು ಅಲ್ಲಿಂದ ಎದ್ದಿದ್ದು ಬೇರೆ ಕಾರಣಕ್ಕೆ. ಅದು ವಿದೇಶಿ ಕಂಪನಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ (ಪದೇ ಪದೇ ದುಡ್ಡು ಕಟ್ ಆಗಲು ಮೊದಲೇ ಒಪ್ಪಿಗೆ ಕೊಡುವ ವ್ಯವಸ್ಥೆ) ಜಾರಿಗೆ ಬಂದ ಮೇಲೆ ಇಂಥ ಕಡೆ ಕಾರ್ಡ್‌ನಿಂದ ತಾನಾಗಿ ದುಡ್ಡು ಕಟ್ ಆಗುವುದು ಕಷ್ಟ. ನನ್ನದೂ ಆಗಲಿಲ್ಲ. ನೆನಪಿಸುವ ಮೇಲ್ ಸ್ಪ್ಯಾಮ್‌ಗೆ ಹೋಗಿತ್ತು. ನಾನು ನೋಡುವ ಹೊತ್ತಿಗೆ ವರ್ಲ್ಡ್ ಅಳಿಸಲು ಒಂದೇ ದಿನ ಬಾಕಿ. ಅವರು ಇಡುವ ಬ್ಯಾಕಪ್ ಕೂಡ ಅದೇ ಅಕೌಂಟಿನಲ್ಲಿ, ಅದೂ ಒಂದೇ ಒಂದು. ಮನೆ ಕೀಲಿ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ ಅಲ್ವಾ?

ಮೂರನೆಯದು ವಿಪಿಎಸ್, ಅಂದರೆ ಡೇಟಾ ಸೆಂಟರ್‌ನ ದೊಡ್ಡ ಕಂಪ್ಯೂಟರಿನಲ್ಲಿ ಬಾಡಿಗೆಗೆ ಸಿಗುವ, ಪೂರ್ತಿ ನಮ್ಮ ಕೈಯಲ್ಲಿರುವ ಒಂದು ಪಾಲು. ಮೊದಲು ಅಗ್ಗ ಅಂತ ಯುರೋಪಿನದ್ದು ತಗೊಂಡೆ, 600 ರೂಪಾಯಿ. ಪಿಂಗ್ 160. ಮನೆ ಕಟ್ಟುವವರಿಗೆ ಏನೂ ಅನಿಸಲಿಲ್ಲ. ಕತ್ತಿ ಹಿಡಿದವರು ಮಾತ್ರ ಒಬ್ಬರನ್ನೊಬ್ಬರು ಬೈದುಕೊಂಡರು. ಒಂದೇ ತಿಂಗಳಿಗೆ ಬೆಂಗಳೂರಿನ ಡೇಟಾ ಸೆಂಟರ್‌ಗೆ ಬಂದೆವು. ಪಿಂಗ್ 18, ಬಿಲ್ ಜಿಎಸ್‌ಟಿ ಸೇರಿ 2,300. ಹದಿನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಸುಮಾರು 164 ರೂಪಾಯಿ ಬೀಳುತ್ತದೆ. ವಸೂಲಿ ನನ್ನ ತಂಗಿಯದು, ಆ ವಿಷಯದಲ್ಲಿ ಅವಳು ನನಗಿಂತ ಗಟ್ಟಿ.

ವಿಪಿಎಸ್‌ನಲ್ಲಿ ಎಲ್ಲವೂ ನಿಮ್ಮ ತಲೆಮೇಲೆ. ಶುರು ಮಾಡಿ ಒಂದು ಗಂಟೆ ಕಳೆದಿರಲಿಲ್ಲ, ರೂಟ್ (ಮುಖ್ಯ ಅಡ್ಮಿನ್) ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಲಾಗ್ ತುಂಬಿಬಿಟ್ಟಿದ್ದವು. ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀ ಫೈಲ್ ಇದ್ದವರಿಗೆ ಮಾತ್ರ ಬಾಗಿಲು ಬಿಟ್ಟೆ. 4 ಜಿಬಿ ರ‍್ಯಾಮ್ ಇದೆಯಲ್ಲ ಅಂತ ಸರ್ವರ್ ಓಡಿಸುವ ಜಾವಾಗೆ ನಾಲ್ಕೂ ಕೊಟ್ಟೆ. ಸಂಜೆ ಜನ ತುಂಬಿದ ತಕ್ಷಣ ರ‍್ಯಾಮ್ ಸಾಲದೆ ಲಿನಕ್ಸ್ ಅದನ್ನು ಕೊಂದುಹಾಕಿತು. ಮೂರಕ್ಕೆ ಇಳಿಸಿ, ವ್ಯೂ ಡಿಸ್ಟೆನ್ಸ್ (ಆಟಗಾರನ ಸುತ್ತ ಎಷ್ಟು ಚಂಕ್ ದೂರ ಕಾಣಬೇಕು ಅನ್ನುವುದು) 10ರಿಂದ 6 ಮಾಡಿದೆ. ಅಲ್ಲಿಂದ ತಣ್ಣಗಿದೆ. ಹೆಸರಿದ್ದವರನ್ನು ಮಾತ್ರ ಒಳಗೆ ಬಿಡುವ ವೈಟ್‌ಲಿಸ್ಟ್ ಮೊದಲ ದಿನವೇ ಹಾಕಿ. ನಾನು ಒಂದು ಮಧ್ಯಾಹ್ನ ತಡ ಮಾಡಿದೆ. ಯಾರೋ ಅಪರಿಚಿತ ಬಂದು ಹುಡುಗರ ಗೋದಾಮಿಗೆ ಲಾವಾ ಸುರಿದು ಹೋದ. ಯಾರು ಏನು ಮಾಡಿದರು ಅಂತ ಬರೆದಿಡುವ ಕೋರ್‌ಪ್ರೊಟೆಕ್ಟ್ ಪ್ಲಗಿನ್ ಇದ್ದಿದ್ದರಿಂದ ಅವನು ಮಾಡಿದ್ದನ್ನೆಲ್ಲ ಎರಡು ನಿಮಿಷದಲ್ಲಿ ಹಿಂದಕ್ಕೆ ತಿರುಗಿಸಿದೆ.

ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಒಂದೇ. ಸರ್ವರ್ ಬಿದ್ದಾಗ ಎದ್ದು ಸರಿಮಾಡುವವರು ಯಾರು? ಯಾರೂ ಇಲ್ಲ ಅಂದರೆ ಪ್ಯಾನೆಲ್ ತಗೊಳ್ಳಿ, ಆದರೆ ವಾರಕ್ಕೊಮ್ಮೆ ವರ್ಲ್ಡ್ ಅನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಾಲ್ಕೈದು ಜನ, ಕರೆಂಟ್ ಸರಿಯಾಗಿದೆ ಅಂದರೆ ಹಳೇ ಲ್ಯಾಪ್‌ಟಾಪ್ ಸಾಕು, ದುಡ್ಡು ದಂಡ ಮಾಡಬೇಡಿ. ನಾನಂತೂ ವಿಪಿಎಸ್ ಬಿಡುವುದಿಲ್ಲ.

ಲ್ಯಾಪ್‌ಟಾಪ್ ಇನ್ನೂ ಅದೇ ಮೂಲೆಯಲ್ಲಿದೆ. ಬೆಳಗಿನ ಜಾವ ನಾಲ್ಕಕ್ಕೆ ವಿಪಿಎಸ್‌ನ ಸ್ಕ್ರಿಪ್ಟ್ ಸೇವ್ ನಿಲ್ಲಿಸಿ, ವರ್ಲ್ಡ್ ಅನ್ನು ಗಂಟು ಕಟ್ಟಿ, ಮತ್ತೆ ಸೇವ್ ಶುರು ಮಾಡುತ್ತದೆ. ಲ್ಯಾಪ್‌ಟಾಪ್ ಆ ಗಂಟನ್ನು ಇಲ್ಲಿಗೆ ಎಳೆದುಕೊಳ್ಳುತ್ತದೆ. ಮಳೆಗಾಲದೊಳಗೆ ಆ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆಸಬೇಕು. ಎಲೆಕ್ಟ್ರಿಷಿಯನ್ ಭಾನುವಾರ ಬರ್ತೀನಿ ಅಂದಿದ್ದಾನೆ. ಅಂದು ಎರಡು ಭಾನುವಾರ ಆಯಿತು.