ವಿಜಿಎ ಪೋರ್ಟ್ ಇರೋ 1050 ಟಿಐ ಕಂಡ್ರೆ ದುಡ್ಡು ಕೊಡ್ಬೇಡ್ರಪ್ಪಾ

ಮೊನ್ನೆ ಅಕ್ಕನ ಮಗ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ದ, ‘ಮಾವ, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು, 4 ಜಿಬಿ, ಬರೀ 3,500ಕ್ಕೆ ಕೊಡ್ತಾರಂತೆ, ತಗೊಳ್ಲಾ?’ ಅಂತ. ದೊಡ್ಡದು ಮಾಡಿ ನೋಡಿದ್ರೆ ಹಿಂದ್ಗಡೆ ಹಳೇ ಮಾನಿಟರ್ ಕೇಬಲ್ ಸಿಗಿಸೋ ಅದೇ ನೀಲಿ ವಿಜಿಎ ಪೋರ್ಟು. 2021ರಲ್ಲಿ ನಾನು ಟೋಪಿ ಹಾಕಿಸ್ಕೊಂಡಿದ್ದು ಥೇಟ್ ಇಂಥದ್ದೇ ಕಾರ್ಡಿಂದ. ನಾಚಿಕೆಗೆ ಇದುವರೆಗೂ ಯಾರ ಹತ್ರಾನೂ ಹೇಳಿರ್ಲಿಲ್ಲ, ಆದ್ರೆ ಇನ್ನೂ ಮಾರ್ತಾನೇ ಇದಾರೆ ಅಂದ್ಮೇಲೆ ಹೇಳ್ಲೇಬೇಕು.

ಆ ವರ್ಷ ಕಾರ್ಡೇ ಸಿಗ್ತಿರ್ಲಿಲ್ಲ, ಚಿಪ್ ಶಾರ್ಟೇಜು ಒಂದ್ಕಡೆ, ಇಂಥ ಕಾರ್ಡುಗಳಲ್ಲೇ ಈಥೀರಿಯಂ ಅನ್ನೋ ಕ್ರಿಪ್ಟೋ ಮೈನಿಂಗ್ ಮಾಡೋರು ಇನ್ನೊಂದ್ಕಡೆ, ಸಿಕ್ಕಿದ್ರೂ ಡಬಲ್ ರೇಟು. ತುಮಕೂರಿಂದ ಬೆಳಗಿನ ಟ್ರೇನ್ ಹಿಡ್ಕೊಂಡು ಬೆಂಗಳೂರು ಎಸ್‌ಪಿ ರೋಡಿಗೆ ಹೋದೆ, ನಾಲ್ಕು ಒಳ್ಳೆ ಅಂಗಡೀಲಿ ಕೇಳಿದ್ರೆ ಹದಿನೇಳು ಹದಿನೆಂಟು ಸಾವಿರ ಅಂದ್ರು, ಜೇಬಲ್ಲಿದ್ದಿದ್ದು ಎಂಟು. ಮುಖ ಸಪ್ಪಗೆ ಮಾಡ್ಕೊಂಡು ಬರ್ತಾ ಇರೋವಾಗ ಒಬ್ಬ ಕರ್ದ, ಗಲ್ಲಿ ಒಳಗೆ, ಮಹಡಿ ಮೇಲೆ ಒಂದು ಪುಟ್ಟ ರೂಮು. ‘ಓಪನ್ ಬಾಕ್ಸ್ ಪೀಸು ಬ್ರದರ್, ಆರೂವರೆಗೆ ತಗೊಂಡ್ಹೋಗಿ.’ ಅವನ ಸಿಸ್ಟಮ್ಮಿಗೇ ಹಾಕಿ ತೋರಿಸ್ದ, ಡಿವೈಸ್ ಮ್ಯಾನೇಜರಲ್ಲಿ ನೀಟಾಗಿ 1050 ಟಿಐ ಅಂತಾನೇ ಬಂತು. ಒಂದು ಗೇಮ್ ಓಡ್ಸಿ ಅಂದ್ರೆ ‘ಇಲ್ಲಿ ಗೇಮ್ ಎಲ್ಲಿಂದ ತರ್ಲಿ, ಡಿಸ್ಪ್ಲೇ ಬಂತಲ್ಲ’ ಅಂದ. ಆಮೇಲೆ ಪೆನ್‌ಡ್ರೈವಲ್ಲಿ ಡ್ರೈವರ್ ಹಾಕ್ಕೊಟ್ಟು ‘ಇದನ್ನೇ ಇನ್‌ಸ್ಟಾಲ್ ಮಾಡಿ, ಅಪ್ಡೇಟ್ ಮಾತ್ರ ಮಾಡ್ಬೇಡಿ’ ಅಂದ. ಆ ಮಾತಿಗೇ ಎದ್ದು ಬರ್ಬೇಕಿತ್ತು ನಾನು. ಬಿಲ್ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ಗೀಚಿ ಕೊಟ್ಟ, ಅದನ್ನೂ ಜೋಪಾನವಾಗಿ ಪರ್ಸಲ್ಲಿಟ್ಕೊಂಡೆ.

ಮನೇಲಿ ನಾನೂ ತಮ್ಮನೂ ಜಿಟಿಎ 5 ಗೇಮ್ ಹಾಕಿದ್ವಿ. ಲೋ ಸೆಟ್ಟಿಂಗಲ್ಲಿ ಹೆಂಗೋ ಓಡ್ತು. ಅದರ ಗ್ರಾಫಿಕ್ಸ್ ಮೆನುವಲ್ಲಿ ಎಷ್ಟು ವಿಡಿಯೋ ಮೆಮೊರಿ ಬೇಕಾಗತ್ತೆ ಅಂತ ಒಂದು ಪಟ್ಟಿ ತೋರಿಸತ್ತಲ್ಲ, 4 ಜಿಬಿ ಇದೆ ಅಂತ ತೋರಿಸ್ತಿತ್ತು, ಸರಿ ಅಂತ ಟೆಕ್ಸ್ಚರ್ ಒಂದು ಹಂತ ಏರಿಸಿ ಊರಲ್ಲಿ ಎರಡು ರೌಂಡ್ ಕಾರ್ ಓಡಿಸೋದ್ರೊಳಗೆ ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ಗುಯ್ ಅಂತ ತಿರುಗ್ತಾ ಇದೆ. ಮೂರು ದಿನ ಇದೇ ಗೋಳು. ತಮ್ಮ ರ‍್ಯಾಮ್ ಬಿಚ್ಚಿ ರಬ್ಬರಲ್ಲಿ ಉಜ್ಜಿದ್ದಾಯ್ತು, ಕರೆಂಟ್ ಕೊಡೋ ಎಸ್‌ಎಂಪಿಎಸ್ ಮೇಲೆ ಡೌಟ್ ಬಂದು ಫ್ರೆಂಡ್ ಹತ್ರ ಬೇರೆದು ಬೇಡಿ ತಂದಿದ್ದಾಯ್ತು, ವಿಂಡೋಸೇ ಹೊಸದಾಗಿ ಹಾಕಿದ್ದಾಯ್ತು. ಚಿಪ್ ಮಾಡೋ ಎನ್‌ವಿಡಿಯಾ ಕಂಪ್ನಿ ಸೈಟಿಂದ ಹೊಸ ಡ್ರೈವರ್ ಇಳಿಸಿದ್ರೆ ಇದಕ್ಕೆ ಹೊಂದೋ ಕಾರ್ಡೇ ಇಲ್ಲ ಅಂತ ವಾಪಸ್ ಉಗೀತು.

ಕೊನೆಗೆ ಕಾರ್ಡಿನ ಜಾತಕ ತೋರಿಸೋ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಓಪನ್ ಮಾಡಿದೆ. ಹೆಸರಿನ ಮುಂದೇನೇ ಫೇಕ್ ಅಂತ ಬರ್ದಿತ್ತು. 2018ರಿಂದ ಆ ಸಾಫ್ಟ್‌ವೇರಿಗೆ ಇಂಥ ಕಳ್ಳ ಎನ್‌ವಿಡಿಯಾ ಕಾರ್ಡು ಹಿಡಿಯೋಕೆ ಬರತ್ತೆ. ಕೆಳಗೆ ಚಿಪ್ಪು ಜಿಎಫ್116, 40 ನ್ಯಾನೋಮೀಟರ್, ಶೇಡರ್ (ಚಿಪ್ಪೊಳಗೆ ಲೆಕ್ಕ ಮಾಡೋ ಪುಟ್ಟ ಘಟಕ) 192. ಅಸಲಿ 1050 ಟಿಐ ಆದ್ರೆ ಜಿಪಿ107, 14 ನ್ಯಾನೋಮೀಟರ್, 768 ಇರ್ಬೇಕು. ಆದ್ರೂ ನಂಬಿಕೆ ಬರ್ದೆ ನಾಲ್ಕು ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತಿ, ಒಣಗಿ ಸುಣ್ಣ ಆಗಿದ್ದ ಪೇಸ್ಟನ್ನ ಹಳೇ ಬನಿಯನ್ನಲ್ಲಿ ಒರೆಸಿದೆ, ಚಿಪ್ ಮೇಲೂ ಅದೇ ಜಿಎಫ್116. ಅಂದ್ರೆ 2011ರ ಜಿಟಿಎಕ್ಸ್ 550 ಟಿಐ! ಅದರೊಳಗೇ ಇರೋ ಬಯೋಸ್ ಅನ್ನೋ ಪ್ರೋಗ್ರಾಂ ತಿದ್ದಿ ಹೊಸ ಹೆಸರು ಇಟ್ಟಿದ್ರು. ನಿಜವಾಗಿ ಇದ್ದಿದ್ದು 1 ಜಿಬಿ ಮೆಮೊರಿ, ಬಯೋಸ್ 4 ಅಂತ ಸುಳ್ಳು ಹೇಳತ್ತೆ, ಗೇಮು ಅದನ್ನ ನಂಬಿ 1 ಜಿಬಿ ದಾಟಿದ ಗಳಿಗೇಲಿ ಕಥೆ ಮುಗೀತು. 550 ಟಿಐ ಥರದ ಆ ಕಾಲದ ಫರ್ಮಿ ಪೀಳಿಗೆ ಕಾರ್ಡುಗಳಿಗೆ ಎನ್‌ವಿಡಿಯಾ ಹೊಸ ಡ್ರೈವರ್ ಕೊಡೋದನ್ನ 2018ರಲ್ಲೇ ನಿಲ್ಲಿಸಿದೆ, ಅದಕ್ಕೇ ಅವನು ಅಪ್ಡೇಟ್ ಬೇಡ ಅಂದಿದ್ದು.

ವಾಪಸ್ ಹೋದ್ರೆ ‘ನೀವೇ ಬೇರೆ ಕಾರ್ಡ್ ತಂದಿದೀರ’ ಅಂದ. ಆ ವಿಸಿಟಿಂಗ್ ಕಾರ್ಡ್ ಹಿಡ್ಕೊಂಡು ಯಾವ ಗ್ರಾಹಕರ ಕೋರ್ಟಿಗೆ ಹೋಗ್ಲಿ ಹೇಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಜಿಪಿಯು-ಝಡ್ ಪೆನ್‌ಡ್ರೈವಲ್ಲಿ ಹಾಕ್ಕೊಂಡೇ ಹೋಗಿ, ಕೆಲವೇ ಎಂಬಿ ಇರತ್ತೆ, ಇನ್‌ಸ್ಟಾಲ್ ಕೂಡ ಬೇಡ. ಓಡ್ಸೋಕೆ ಬಿಡಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ. 1050 ಟಿಐ ಸೇರಿರೋ 10 ಸೀರೀಸ್‌ನಿಂದ ಎನ್‌ವಿಡಿಯಾ ವಿಜಿಎಗೆ ಬೇಕಾಗೋ ಅನಲಾಗ್ ಔಟ್‌ಪುಟ್ಟೇ ತೆಗೆದು ಹಾಕಿದೆ, ಹಾಗಾಗಿ ವಿಜಿಎ ಪೋರ್ಟ್ ಕಂಡ್ರೆ ಅನುಮಾನ ಪಡಿ. ಇನ್ನು ಫೇಕ್ ಅಲ್ದೇ ಇದ್ರೂ ಹೆಸರಲ್ಲೇ ಯಾಮಾರಿಸೋ ಕಾರ್ಡುಗಳಿವೆ, ಎಎಂಡಿ ಕಂಪ್ನಿಯ ಆರ್‌ಎಕ್ಸ್ 580 ಅಂತ ಕೊಡ್ತಾರೆ, ಶೇಡರ್ 2304 ಇರೋ ಕಡೆ 2048 ಇರತ್ತೆ, ಅದು ಹೆಚ್ಚುಕಮ್ಮಿ ಅದರ ಕೆಳಗಿನ ಮಾಡೆಲ್ 570ನೇ. ಜಿಟಿ 1030ರಲ್ಲಿ ಡಿಡಿಆರ್4 ಮೆಮೊರಿ ಇರೋದು ಬಂದ್ರೆ ಮುಟ್ಲೇಬೇಡಿ, ಜಿಡಿಡಿಆರ್5 ಇರೋದರ ಮುಂದೆ ಅದು ಏನಕ್ಕೂ ಸಾಲದು. ಆರ್‌ಟಿಎಕ್ಸ್ 3050ರಲ್ಲೂ 6 ಜಿಬಿದು 8 ಜಿಬಿದು ಬೇರೆ ಬೇರೆ ಕಾರ್ಡು, ಮೆಮೊರಿ ಒಂದೇ ವ್ಯತ್ಯಾಸ ಅಲ್ಲ.

ಅಕ್ಕನ ಮಗನಿಗೆ ಜಿಪಿಯು-ಝಡ್ ಸ್ಕ್ರೀನ್‌ಶಾಟ್ ಕೇಳು ಅಂದಿದ್ದೆ. ಕೇಳಿದಾನೆ. ನೀಲಿ ಟಿಕ್ ಬಿದ್ದು ಮೂರು ದಿನ ಆಯ್ತು, ಇನ್ನೂ ಉತ್ತರ ಇಲ್ಲ.