ಬಾದಾಮಿ ಗುಹೆಗಳಲ್ಲಿ ಮಾರ್ಗದರ್ಶಕರ ಸೇವೆ

ಬಾದಾಮಿಯ ಗುಹೆಗಳನ್ನು ಸ್ಥಳೀಯ ಮಾರ್ಗದರ್ಶಕರೊಬ್ಬರ ಜೊತೆ ನೋಡಿದೆವು. ಕೊಟ್ಟ ಹಣ ಖಂಡಿತ ಸಾರ್ಥಕವಾಯಿತು. ಮೊದಲ ಗುಹೆಯ ಹದಿನೆಂಟು ತೋಳುಗಳ ನಟರಾಜನ ಭಂಗಿಯನ್ನು ಅವರು ಒಂದೊಂದಾಗಿ ಬಿಡಿಸಿ ತೋರಿಸಿದರು. ಆದರೆ ನನ್ನ ಮನಸ್ಸು ನಿಂತದ್ದು ಮೂರನೆಯ ಗುಹೆಯಲ್ಲಿ. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಕ್ರಿ.ಶ. 578ರಲ್ಲಿ, ಚಾಲುಕ್ಯ ಮಂಗಳೇಶನು ವಿಷ್ಣುವಿಗಾಗಿ ಕೊರೆಸಿದ ಈ ಗುಡಿಯನ್ನು ಅಲ್ಲಿನ ಕನ್ನಡ ಶಾಸನವು ‘ಕಲ್ಮನೆ’ ಎನ್ನುತ್ತದೆ. ಅದಕ್ಕೆ ಬಿಟ್ಟ ಲಂಜಿಗೇಸರ ಎಂಬ ಊರಿನ ಆದಾಯದಲ್ಲಿ ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೂ ಪಾಲಿತ್ತೆಂದು ಅವರು ಸಾಲು ಸಾಲಾಗಿ ಓದಿ ಹೇಳಿದಾಗ, ಅರಸ, ದೇವರು, ದುಡಿಯುವವರು ಒಂದೇ ಕಲ್ಲಿನ ಮೇಲೆ ಕಂಡರು. ನಾಲ್ಕನೆಯ ಜೈನ ಗುಹೆಯನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದು ಬೇಸರ ತಂದಿತು. ಬಾಹುಬಲಿಯ ಕಾಲಿಗೆ ಸುತ್ತಿದ ಬಳ್ಳಿಯನ್ನು ನಾವೇ ನಿಂತು ನೋಡಿದೆವು. ಬಿಸಿಲೇರುವ ಮೊದಲೇ ಹೋಗುವುದು ಒಳ್ಳೆಯದು.