ಒಬಯಾಶಿ ಸ್ಪೇಸ್ ಎಲಿವೇಟರ್: ಐಡಿಯಾಗೆ 5 ಸ್ಟಾರ್, ಸದ್ಯಕ್ಕೆ 1

ಟೋಕಿಯೋ ಸ್ಕೈಟ್ರೀ ಗೋಪುರ ಕಟ್ಟಿದ ಜಪಾನಿನ ಒಬಯಾಶಿ ಕಂಪನಿ 2012ರಲ್ಲಿ ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟುವ ಈ ಯೋಜನೆ ಮುಂದಿಟ್ಟಿತು. ಸಮಭಾಜಕದ ಹತ್ತಿರ ಸಮುದ್ರದಲ್ಲಿ ಒಂದು ನೆಲೆ, ಅಲ್ಲಿಂದ ಮೇಲಕ್ಕೆ 96,000 ಕಿ.ಮೀ. ಉದ್ದದ ಕೇಬಲ್, ಅದನ್ನು ಹಿಡಿದು ಗಂಟೆಗೆ 200 ಕಿ.ಮೀ. ವೇಗದಲ್ಲಿ ಹತ್ತುವ, 30 ಜನ ಕೂರುವ ಲಿಫ್ಟ್. 36,000 ಕಿ.ಮೀ. ಮೇಲಿನ ನಿಲ್ದಾಣಕ್ಕೆ ಏಳೂವರೆ ದಿನದ ಪ್ರಯಾಣ. 2050ಕ್ಕೆ ಸೇವೆ ಶುರು ಅಂದರು. ಇನ್ನೂ ಕಟ್ಟದ ಲಿಫ್ಟಿಗೆ ರಿವ್ಯೂ ಯಾಕೆ ಅಂತೀರಾ? ರಾಕೆಟ್‌ಗೆ ಸುಮ್ನೆ ದುಡ್ಡು ಸುರಿಯೋದ್ಯಾಕೆ, ಎಲಿವೇಟರ್ ಬಂದರೆ ಎಲ್ಲ ಅಗ್ಗ ಆಗುತ್ತದಲ್ಲ ಅನ್ನುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ.

ಲೆಕ್ಕದಲ್ಲಿ ತಪ್ಪಿಲ್ಲ, ಅದನ್ನು ಮೊದಲು ಒಪ್ಪಬೇಕು. ಸಮಭಾಜಕದ ಮೇಲೆ ಆ 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತದೆ, ನೆಲದಿಂದ ನೋಡಿದರೆ ನಿಂತಲ್ಲೇ ಇರುತ್ತದೆ. ಅಲ್ಲಿಂದ ಕೆಳಕ್ಕೂ ಮೇಲಕ್ಕೂ ಕೇಬಲ್ ಬಿಡುತ್ತಾ ಹೋದರೆ ಕೆಳಗಿನ ಭಾಗವನ್ನು ಭೂಮಿ ಎಳೆಯುತ್ತದೆ, ಮೇಲಿನದು ತಿರುಗುವ ರಭಸಕ್ಕೆ ಹೊರಕ್ಕೆ ಎಳೆಯುತ್ತದೆ, ಕೇಬಲ್ ಬಿಗಿಯಾಗಿ ನಿಲ್ಲುತ್ತದೆ. ರಷ್ಯಾದ ಎಂಜಿನಿಯರ್ ಯೂರಿ ಅರ್ತ್ಸುತಾನೊವ್ 1960ರಲ್ಲೇ ಇದನ್ನು ಬರೆದಿದ್ದರು. ರಾಕೆಟ್‌ನ ತೂಕದಲ್ಲಿ ಬಹುಪಾಲು ಇಂಧನವೇ. ಇಲ್ಲಿ ಆ ಹೊರೆ ಇಲ್ಲ. ಎಷ್ಟು ಚೆಂದದ ಯೋಚನೆ ಅಲ್ವಾ!

ಆದರೆ ಕೇಬಲ್ ಎಲ್ಲಿದೆ? ಉಕ್ಕಿನದಾದರೆ ತನ್ನ ತೂಕಕ್ಕೇ ತುಂಡಾಗುತ್ತದೆ. ಇಂಗಾಲದ ಅತಿ ಸಣ್ಣ ಕೊಳವೆಯಾದ ಕಾರ್ಬನ್ ನ್ಯಾನೋಟ್ಯೂಬ್‌ನ ಒಂಟಿ ಎಳೆಗೆ ಬೇಕಾದ ಬಲ ಇದೆ, ಆದರೆ 2013ರಲ್ಲಿ ಚೀನಾದ ಚಿಂಗ್ಹುವಾ ವಿಶ್ವವಿದ್ಯಾಲಯದವರು ಬೆಳೆಸಿದ ಎಳೆ ಅರ್ಧ ಮೀಟರ್ ದಾಟಿದ್ದೇ ದೊಡ್ಡ ಸುದ್ದಿಯಾಯಿತು. ಸಣ್ಣ ಎಳೆಗಳನ್ನು ಸೇರಿಸಿ ಹೊಸೆದರೆ ಆ ಬಲ ಉಳಿಯುವುದಿಲ್ಲ. ನಾಸಾ ಗಟ್ಟಿ ಹಗ್ಗಕ್ಕೆ ವರ್ಷಗಟ್ಟಲೆ ಸ್ಪರ್ಧೆ ಇಟ್ಟಿತ್ತು, ಬಹುಮಾನ ಯಾರಿಗೂ ಸಿಗಲಿಲ್ಲ. ಹತ್ತುವ ಯಂತ್ರದ ಸ್ಪರ್ಧೆಯಲ್ಲಿ ಮಾತ್ರ 2009ರಲ್ಲಿ ಒಂದು ತಂಡ ಗೆದ್ದಿತು: ಹೆಲಿಕಾಪ್ಟರ್‌ನಿಂದ ಇಳಿಬಿಟ್ಟ ಕೇಬಲ್ ಮೇಲೆ, ನೆಲದಿಂದ ಬಿಟ್ಟ ಲೇಸರ್ ಬೆಳಕಿನ ಶಕ್ತಿಯಲ್ಲಿ, ಸುಮಾರು 900 ಮೀಟರ್. ಒಬಯಾಶಿಯವರು 2025ಕ್ಕೆ ಕಟ್ಟಲು ಶುರು ಮಾಡುವ ಅಂದಾಜಿನಲ್ಲಿದ್ದರು. ಆಗಲಿಲ್ಲ. ಇನ್ನೊಂದು ಮಾತು, ಬೇರೆ ಕಕ್ಷೆಗಳ ಉಪಗ್ರಹಗಳೆಲ್ಲ ಸಮಭಾಜಕ ದಾಟಲೇಬೇಕು, ಹಾಗಾಗಿ ಅವು ಕೇಬಲ್ಲಿಗೆ ಡಿಕ್ಕಿ ಹೊಡೆಯುವ ಭಯ ಯಾವತ್ತೂ ಇದ್ದೇ ಇರುತ್ತದೆ.

ನನ್ನ ತಕರಾರು ಇರುವುದು ಎಲಿವೇಟರ್ ಮೇಲಲ್ಲ, ಅದಕ್ಕಾಗಿ ಕಾಯೋಣ ಅನ್ನುವುದರ ಮೇಲೆ. ಮೊದಲ ಕೇಬಲನ್ನು ಮೇಲೆ ಒಯ್ಯಬೇಕಾದ್ದು ರಾಕೆಟ್ಟೇ! ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್‌ನ ಕೆಳಹಂತ 2015ರಲ್ಲಿ ವಾಪಸ್ ಬಂದು ಇಳಿಯಿತು, ಈಗ ಅದು ಮಾಮೂಲಿ ಕೆಲಸ. ನಮ್ಮ ಚಳ್ಳಕೆರೆ ಹತ್ತಿರ ಇಸ್ರೋದ ಪುಷ್ಪಕ್ ಅನ್ನುವ, ಮತ್ತೆ ಬಳಸಬಹುದಾದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್‌ನಿಂದ ಬಿಟ್ಟಾಗ ಅದು ತಾನಾಗಿಯೇ ರನ್‌ವೇಗೆ ಬಂದು ಇಳಿಯಿತು, 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. 2025ರ ಜನವರಿಯಲ್ಲಿ ಇಸ್ರೋದ ಜೋಡಣೆ ಪ್ರಯೋಗವಾದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಕೂಡಿಕೊಂಡವು, ಇದಕ್ಕೆ ಡಾಕಿಂಗ್ ಅನ್ನುತ್ತಾರೆ. ಚಂದ್ರನ ಮಣ್ಣು ತರಲು ಹೋಗಲಿರುವ ಚಂದ್ರಯಾನ-4ಕ್ಕೆ ಈ ವಿದ್ಯೆ ಬೇಕೇ ಬೇಕು, ಅದರ ಭಾಗಗಳು ಎರಡು ರಾಕೆಟ್‌ಗಳಲ್ಲಿ ಹೋಗಿ ಮೇಲೆ ಜೋಡಣೆಯಾಗಬೇಕು. ದುಡ್ಡು ಇಂಥಲ್ಲಿಗೆ ಹೋಗಲಿ.

ಎಲಿವೇಟರ್ ಬೇಕೇ ಬೇಕು ಅನ್ನುವವರು ಚಂದ್ರನ ಕಡೆ ನೋಡಿ. ಅಲ್ಲಿ ಗುರುತ್ವ ಆರರಲ್ಲಿ ಒಂದು ಪಾಲು, ಹಾಗಾಗಿ ಈಗಾಗಲೇ ಕಾರ್ಖಾನೆಯಲ್ಲಿ ತಯಾರಾಗುವ ಜೈಲಾನ್‌ನಂಥ ನಾರೇ ಸಾಕಾಗಬಹುದು ಅನ್ನುತ್ತದೆ ಲೆಕ್ಕ. ಅದನ್ನು ಅಲ್ಲಿಗೆ ಒಯ್ದು ಕಟ್ಟಲು ಅಗ್ಗದ ರಾಕೆಟ್, ಡಾಕಿಂಗ್, ನಿಖರವಾಗಿ ಇಳಿಯುವ ಲ್ಯಾಂಡರ್ ಮೂರೂ ಬೇಕು.